ಚೆಕ್ ಇಂಜಿನ್ ಲೈಟ್ ಬರೀ ರೀಸೆಟ್ ಮಾಡಿಸ್ಕೊಂಡು ಬರ್ಬೇಡಿ, ನಂಗಾಗಿದ್ದು ಓದಿ

ನಮ್ಮ ಕೊಡಗಲ್ಲಿ ದಿನಾ ತೋಟದ ದಾರೀಲಿ ಕಾರ್ ಓಡಿಸೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಒಂದು ಹಳದಿ ಲೈಟ್ ಹಿಂದೆ ಏಳು ತಿಂಗಳು ಅಲೆದಿದೀನಿ, ಬೇಡದೇ ಇದ್ದ ಪಾರ್ಟ್‌ಗೆ 48,000 ಕೊಡೋದೊಂದು ಸ್ವಲ್ಪದ್ರಲ್ಲಿ ತಪ್ತು.

ಮನೆ ಸುಂಟಿಕೊಪ್ಪದ ಹತ್ರ, ಪೆಟ್ರೋಲ್ ಕಾರು, ಬಿಎಸ್6. ಹೋದ ಮಳೆಗಾಲ ಮುಗೀತಿದ್ದಂಗೆ ಲೈಟ್ ಬಂತು. ಪಿಕಪ್ ಚೆನ್ನಾಗೇ ಇತ್ತು, ಮೈಲೇಜೂ ಹೆಚ್ಚುಕಮ್ಮಿ ಅಷ್ಟೇ. ಮಡಿಕೇರೀಲಿ ಒಂದು ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು, ಎರಡು ನಿಮಿಷಕ್ಕೆ ಲೈಟ್ ಆಫ್, 500 ರೂಪಾಯಿ. ಏನು ತೊಂದರೆ ಅಂತ ಸ್ಕ್ಯಾನರ್ ತೋರಿಸೋ ಕೋಡ್ ಯಾವುದು ಬಂದಿತ್ತು ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಹದಿನೈದು ದಿನ ಸುಂಟಿಕೊಪ್ಪ ಮಡಿಕೇರಿ ಅಂತ ಓಡಾಡ್ದೆ, ಏನೂ ಇಲ್ಲ. ಮಗಳನ್ನ ಹಾಸ್ಟೆಲ್ಲಿಗೆ ಬಿಡೋಕೆ ಮೈಸೂರಿಗೆ ಹೋಗಿ ವಾಪಸ್ ಬರ್ತಾ ಹುಣಸೂರು ದಾಟಿದ್ದೇ ತಡ ಮತ್ತೆ ಬಂತು. ಮತ್ತೆ ರೀಸೆಟ್, ಮತ್ತೆ ಮೈಸೂರು, ಮತ್ತೆ ಅದೇ ಲೈಟ್. ಗ್ಯಾರೇಜಿನವರು "ಅಲ್ಲಿ ಹಾಕಿಸ್ತೀರಲ್ಲ ಸರ್, ಆ ಪೆಟ್ರೋಲೇ ಸರಿ ಇಲ್ಲ" ಅಂದ್ರು. ನೋಡೋಕೆ ಹಂಗೇ ಕಾಣ್ತಿತ್ತು, ನಂಬ್ದೆ. ಆಮೇಲೆ ಸೆನ್ಸರ್ ಹೋಗಿದೆ ಅಂತ 4,500ಕ್ಕೆ ಹೊಸದು ಹಾಕಿದ್ರು, ಅದಾದ್ಮೇಲೂ ಬಂತು. ಈ ಮಧ್ಯೆ ಎಮಿಷನ್ ಟೆಸ್ಟ್ ಮಾಡಿಸ್ದೆ, ಪಾಸ್! ಆ ಟೆಸ್ಟಲ್ಲಿ ಗಾಡಿ ನಿಂತಲ್ಲೇ ಇಂಜಿನ್ ಆನ್ ಇಟ್ಟು ಹೊಗೆ ಅಳೀತಾರೆ ಅಷ್ಟೇ, ಅದು ಪಾಸಾಯ್ತು ಅಂದ್ರೆ ಲೈಟ್ ಸುಳ್ಳು ಅಂತ ಅಲ್ಲ.

ಕೊನೆಗೆ ಮೈಸೂರಲ್ಲೇ ಒಂದು ಕಡೆ ತೋರಿಸ್ದಾಗ ಕೋಡ್ ಗೊತ್ತಾಯ್ತು, ಪಿ0420. ಕ್ಯಾಟಲಿಟಿಕ್ ಕನ್ವರ್ಟರ್ (ಚಿಕ್ಕದಾಗಿ ಕ್ಯಾಟ್ ಅಂತಾರೆ) ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್. ಹೊಗೆಯಲ್ಲಿರೋ ವಿಷಾನಿಲ ಕಮ್ಮಿ ಮಾಡೋ ಡಬ್ಬಿ ಅದು, ಒಳಗೆ ಜೇನುಗೂಡು ಥರ ಇರುತ್ತೆ, ಪ್ಲಾಟಿನಂ ಪಲ್ಲಾಡಿಯಂ ರೋಡಿಯಂ ಲೇಪ ಇರುತ್ತೆ, ಅದಕ್ಕೇ ಅಷ್ಟು ರೇಟು. "ಡಬ್ಬಿ ಬದಲಾಯಿಸ್ಬೇಕು, 48,000" ಅಂದ್ರು. ಗಾಡಿ ಕೆಳಗೆ ಯಾರೂ ಬಗ್ಗಿ ಸಹ ನೋಡಿರ್ಲಿಲ್ಲ. ಇನ್ನೊಬ್ರು ಒಳಗಿರೋದನ್ನ ಒಡೆದು ತೆಗೆದ್ಬಿಡಿ ಅಂದ್ರು. ಅದನ್ನ ಮಾತ್ರ ಯಾವತ್ತೂ ಮಾಡಿಸ್ಬೇಡಿ, ಕಾನೂನಿಗೂ ವಿರುದ್ಧ, ಊರಿನ ಗಾಳಿಗೂ ದ್ರೋಹ.

ನಮ್ಮ ಭಾವ ಕುಶಾಲನಗರದಲ್ಲಿ ಟ್ಯಾಕ್ಸಿ ಓಡಿಸ್ತಾರೆ. ಫೋನ್ ಮಾಡಿ ಹೇಳಿದ್ದಕ್ಕೆ "ಬೆಳಿಗ್ಗೆ ನಾನು ಬರೋತನಕ ಸ್ಟಾರ್ಟ್ ಮಾಡ್ಬೇಡ, ಇಂಜಿನ್ ತಣ್ಣಗೇ ಇರ್ಲಿ" ಅಂದ್ರು. ಬಂದು ಸ್ಟಾರ್ಟ್ ಮಾಡಿಸಿದ್ರು, ಕೆಳಗಿಂದ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು, ಐದು ನಿಮಿಷಕ್ಕೆ ಪೈಪ್ ಬಿಸಿಯಾಗಿ ಹಿಗ್ಗಿದ ಮೇಲೆ ಆ ಸದ್ದೂ ಮಾಯ. ಟಾರ್ಚ್ ಹಾಕಿ ನೋಡಿದ್ರೆ ಹಿಂದಿನ ಆಕ್ಸಿಜನ್ ಸೆನ್ಸರಿಗಿಂತ (ಕ್ಯಾಟ್ ದಾಟಿ ಬಂದ ಹೊಗೇಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋದು) ನಾಲ್ಕು ಬೆರಳು ಮುಂಚೆ ಇರೋ ಜಾಯಿಂಟಲ್ಲಿ ಬೀಸಣಿಗೆ ಬಿಚ್ಚಿದ ಹಂಗೆ ಕರಿ ಮಸಿ, ಅದರ ಪಕ್ಕದಲ್ಲೇ ಪೈಪಿಗೆ ಕಲ್ಲು ತಾಗಿದ ಗುರುತು, ಅಲ್ಲೇ ಬಿರುಕು. ಮಳೇಲಿ ಕೊಚ್ಚಿಹೋದ ನಮ್ಮ ತೋಟದ ದಾರೀಲಿ ಅಡಿ ತಾಗಿದ್ದು ಆಗ ನೆನಪಾಯ್ತು.

ಕ್ಯಾಟ್ ಚೆನ್ನಾಗಿದ್ರೆ ಹಿಂದಿನ ಸೆನ್ಸರ್ ಹೆಚ್ಚುಕಮ್ಮಿ 0.6, 0.7 ವೋಲ್ಟಲ್ಲಿ ಸ್ಥಿರವಾಗಿರ್ಬೇಕು. ನಮ್ಮದು 0.1ಕ್ಕೆ ಇಳಿಯೋದು 0.8ಕ್ಕೆ ಏರೋದು ಮಾಡ್ತಿತ್ತು. ಆ ಬಿರುಕಲ್ಲಿ ಹೊರಗಿನ ಗಾಳಿ ಒಳಗೆ ಎಳ್ಕೊಂಡು ಸೆನ್ಸರ್‌ಗೆ ಆಕ್ಸಿಜನ್ ಜಾಸ್ತಿ ಕಾಣಿಸ್ತಿತ್ತು, ಗಾಡಿಯ ಕಂಪ್ಯೂಟರ್ ಕ್ಯಾಟ್ ಕೆಟ್ಟಿದೆ ಅಂದ್ಕೊಳ್ತಿತ್ತು. ಸೆನ್ಸರ್ ಸುಳ್ಳು ಹೇಳ್ತಿರ್ಲಿಲ್ಲ, ಅದರ ಮಾತನ್ನ ಕೂತು ಕೇಳೋರು ಇರ್ಲಿಲ್ಲ.

ಮೈಸೂರಿಗೆ ಹೋದಾಗ್ಲೇ ಯಾಕೆ ಬರ್ತಿತ್ತು ಅನ್ನೋದೂ ಅವತ್ತೇ ಗೊತ್ತಾಯ್ತು. ಕ್ಯಾಟ್ ಪರೀಕ್ಷೆನ ಕಂಪ್ಯೂಟರ್ ಯಾವಾಗ್ಲೂ ಮಾಡಲ್ಲ, ಇಂಜಿನ್ ಪೂರ್ತಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಸ್ಪೀಡಲ್ಲಿ ಹೋಗ್ಬೇಕು, ನಮ್ಮ ತಿರುವಿನ ರೋಡಲ್ಲಿ ಅದು ಎಲ್ಲಾಗುತ್ತೆ? ಮೈಸೂರು ರೋಡಲ್ಲಿ ಆಗುತ್ತೆ. ಎಷ್ಟೋ ಗಾಡೀಲಿ ಎರಡು ಟ್ರಿಪ್ ಸಾಲಾಗಿ ಫೇಲ್ ಆದ್ರೇನೇ ಲೈಟ್ ಬರೋದು, ಹೋಗ್ತಾ ಒಂದು, ಬರ್ತಾ ಇನ್ನೊಂದು. ಪೆಟ್ರೋಲ್ ಬಂಕಿನವರನ್ನ ಸುಮ್ನೆ ಬೈಕೊಂಡಿದ್ದೆ.

ಆ ಜಾಯಿಂಟ್ ಮಧ್ಯೆ ಇರೋ ಗ್ಯಾಸ್ಕೆಟ್ ಬದಲಾಯಿಸಿ, ಬ್ಯಾಟರಿ ವೈರ್ ಬಿಚ್ಚಿಟ್ಟು ಬಿರುಕಿಗೆ ವೆಲ್ಡಿಂಗ್ ಮಾಡ್ಸಿದ್ದು, ಒಟ್ಟು 1,800. ಆಮೇಲೆ ನಾಲ್ಕು ಸಲ ಮೈಸೂರಿಗೆ ಹೋಗಿ ಬಂದಿದೀನಿ, ಲೈಟ್ ಬಂದಿಲ್ಲ.

ಎಲ್ಲರದ್ದೂ ಇದೇ ಕಾರಣ ಅಂತ ಅಲ್ಲ, ನಿಜವಾಗ್ಲೂ ಕ್ಯಾಟ್ ಹೋಗಿರೋದೂ ಉಂಟು. ಆದ್ರೆ ಸ್ಕ್ಯಾನರ್ ಹಾಕೋ ಮುಂಚೆನೇ "ಕ್ಲಿಯರ್ ಮಾಡ್ಬೇಡಿ, ಕೋಡ್ ತೋರಿಸಿ" ಅಂತ ಹೇಳಿ ಸ್ಕ್ರೀನಿನ ಫೋಟೋ ತಗೊಳ್ಳಿ, ದುಡ್ಡು ಕೊಡೋ ಮುಂಚೆ ಗಾಡಿ ಎತ್ತಿಸಿ ಸೈಲೆನ್ಸರ್ ಜಾಯಿಂಟ್ ಎಲ್ಲಾ ನೋಡಿಸಿ. ಇನ್ನೊಂದು, ಲೈಟ್ ಸುಮ್ನೆ ಉರಿಯೋದು ಬೇರೆ, ಮಿಣುಕೋದು ಬೇರೆ. ಮಿಣುಕ್ತಿದ್ರೆ ಇಂಜಿನ್ ಮಿಸ್ ಹೊಡೀತಿದೆ, ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿದು ಅದನ್ನ ನಿಜವಾಗ್ಲೂ ಹಾಳು ಮಾಡುತ್ತೆ, ಆನೆಕಾಡಿನ ಮಧ್ಯೆ ಇದ್ರೂ ಸರಿ, ನಿಧಾನಕ್ಕೆ ಜನ ಇರೋ ಜಾಗಕ್ಕೆ ಬಂದು ಇಂಜಿನ್ ಆಫ್ ಮಾಡಿ ಫೋನ್ ಮಾಡಿ.