ಟಿಮೊಲಾಲ್, ಲ್ಯಾಟಾನೊಪ್ರೊಸ್ಟ್ ಎರಡನ್ನೂ ಹಾಕಿ ನೋಡಿದೆ, ನನಗೆ ಒಗ್ಗಿದ್ದು ರಾತ್ರಿಯ ಹನಿ

ಎರಡೂ ಗ್ಲಾಕೋಮಾಗೆ, ಕಣ್ಣಿನೊಳಗಿನ ಒತ್ತಡ ಇಳಿಸಲು ಹಾಕುವ ಹನಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾತ್ರಿ ಹಾಕುವ ಲ್ಯಾಟಾನೊಪ್ರೊಸ್ಟ್‌ಗೆ. ಟಿಮೊಲಾಲ್ ಕೆಟ್ಟ ಔಷಧಿ ಅಂತಲ್ಲ. ನನ್ನ ಎದೆಗೆ ಅದು ಆಗಿಬರಲಿಲ್ಲ.

ನಮ್ಮಮ್ಮನಿಗೆ ಗ್ಲಾಕೋಮಾ ಇತ್ತು, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಗೊತ್ತಾಗುವ ಹೊತ್ತಿಗೆ ಎಡಗಣ್ಣು ಹೋಗಿಯೇಬಿಟ್ಟಿತ್ತು. ನನಗೆ 52 ತುಂಬಿದ ವರ್ಷ ಕನ್ನಡಕ ಬದಲಿಸಲು ಹೋದಾಗ ಎರಡೂ ಕಣ್ಣಿನ ಪ್ರೆಶರ್ 26 ಬಂತು. 10ರಿಂದ 21 ಇದ್ದರೆ ಸಾಮಾನ್ಯ ಅನ್ನುತ್ತಾರೆ. ಸುತ್ತಲೂ ಎಷ್ಟು ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್‌ನಲ್ಲಿ ಬಲಗಣ್ಣಿನ ಅಂಚಿನ ನೋಟ ಆಗಲೇ ಮಂಕಾಗಿತ್ತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಂದರು ಡಾಕ್ಟರ್.

ಮೊದಲು ಬರೆದುಕೊಟ್ಟಿದ್ದು ಟಿಮೊಲಾಲ್. ಬೆಳಿಗ್ಗೆ ಒಂದು ಹನಿ, ರಾತ್ರಿ ಒಂದು ಹನಿ. ಬೆಲೆ ತುಂಬಾ ಕಡಿಮೆ. ಪ್ರೆಶರ್ 18ಕ್ಕೆ ಇಳಿಯಿತು. ಆದರೆ ಮೂರನೇ ವಾರಕ್ಕೆ ನನ್ನ ಉಸಿರೇ ನನ್ನ ಮಾತು ಕೇಳದಂತಾಯಿತು. ನನ್ನ ತರಗತಿ ಶಾಲೆಯ ಎರಡನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಹೋಗಿ ಹಾಜರಿ ಕೂಗಲು ಆಗದೆ ಕುರ್ಚಿ ಹಿಡಿದು ನಿಲ್ಲುತ್ತಿದ್ದೆ. ರಾತ್ರಿ ಮಲಗಿದರೆ ಎದೆಯಲ್ಲಿ ಸುಂಯ್ ಅನ್ನುವ ಸದ್ದು. ನಾಡಿ ನೋಡಿಕೊಂಡರೆ ನಿಮಿಷಕ್ಕೆ 50.

ಕಣ್ಣಿಗೆ ಹಾಕಿದ್ದು ಎದೆಗೆ ಹೋಗುತ್ತದೆ ಅಂತ ಯಾರಿಗೆ ಹೊಳೆಯುತ್ತೆ? ಕಣ್ಣಿನ ಒಳಮೂಲೆಯಲ್ಲಿರುವ ಸಣ್ಣ ತೂತಿನಿಂದ ಔಷಧಿ ಮೂಗಿಗೆ ಇಳಿಯುತ್ತದೆ, ಅಲ್ಲಿಂದ ಸೀದಾ ರಕ್ತಕ್ಕೆ. ಉಬ್ಬಸ ಇರುವವರಿಗೆ ಟಿಮೊಲಾಲ್ ಕೊಡಬಾರದು. ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಬಿಪಿ, ಶುಗರ್ ಇದೆಯಾ ಅಂತ ಕೇಳಿದಾಗ ಇಲ್ಲ ಅಂದಿದ್ದೆ. ಉಬ್ಬಸದ ಮಾತು ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಫೋನ್ ಮಾಡಿ ಹೇಳಿದ ದಿನವೇ ನಿಲ್ಲಿಸಿ ಲ್ಯಾಟಾನೊಪ್ರೊಸ್ಟ್‌ಗೆ ಬದಲಾಯಿಸಿದರು.

ಇದು ರಾತ್ರಿ ಒಂದೇ ಹನಿ. ಊಟ ಆಗಿ, ಪಾತ್ರೆ ತೊಳೆದಿಟ್ಟು, ಒಂಬತ್ತೂವರೆಗೆ ಹಾಕುತ್ತೇನೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಟಿಮೊಲಾಲ್ ಹಾಕುವಾಗಲೇ ಯಾರಾದರೂ ಇದನ್ನು ಕಲಿಸಬೇಕಿತ್ತು. ಒಂದು ತಿಂಗಳಲ್ಲಿ ಉಸಿರು ಮೊದಲಿನಂತಾಯಿತು, ಪ್ರೆಶರ್ 15ಕ್ಕೆ ಬಂತು.

ತಲೆನೋವು ಫ್ರಿಜ್‌ನದ್ದು. ನಾನು ತರುವ ಬಾಟಲಿಯನ್ನು ತೆರೆಯುವ ತನಕ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ತೆರೆದ ಮೇಲೆ ಹೊರಗಿಡಬಹುದು, ಆದರೆ 25 ಡಿಗ್ರಿ ದಾಟಬಾರದು. ನಾನಿರುವುದು ರಾಯಚೂರಿನಲ್ಲಿ. ಏಪ್ರಿಲ್‌ನಲ್ಲಿ ಇಲ್ಲಿ 40 ದಾಟುತ್ತದೆ. ಗೋಡೆ ಮುಟ್ಟಿದರೂ ಕೈ ಬಿಸಿಯಾಗುತ್ತದೆ. 25 ಡಿಗ್ರಿ ಎಲ್ಲಿಂದ ತರುವುದು?

ಒಂದು ಸಲ ಅವಸರದಲ್ಲಿ ಬೇರೆ ಅಂಗಡಿಯಲ್ಲಿ ತೆಗೆದುಕೊಂಡೆ. ಹುಡುಗ ಫ್ರಿಜ್ ಬಾಗಿಲು ತೆರೆಯಲೇ ಇಲ್ಲ. ಬಿಸಿಲು ಬೀಳುವ ಕಪಾಟಿನಿಂದ ಎತ್ತಿ ಕೊಟ್ಟ. ಡಬ್ಬಿ ಬೆಚ್ಚಗಿತ್ತು. ಅನುಮಾನ ಬಂದರೂ ದುಡ್ಡು ಕೊಟ್ಟು ತಂದೆ. ಮುಂದಿನ ತಪಾಸಣೆಗೆ ಪ್ರೆಶರ್ 21. ಬಿಸಿಲಿಗೇ ಹೀಗಾಯಿತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ಹೊಸ ಬಾಟಲಿ ಬಳಸಿದ ಮೇಲೆ 15ಕ್ಕೆ ಮರಳಿತು. ಆಮೇಲಿಂದ ಅಂಗಡಿಯವರು ಫ್ರಿಜ್‌ನಿಂದ ತೆಗೆಯುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡುತ್ತೇನೆ. ಬೆಂಗಳೂರಿಗೆ ಹೋಗುವಾಗ ಬಾಯಿ ಅಗಲದ ಸಣ್ಣ ಫ್ಲಾಸ್ಕ್‌ನಲ್ಲಿ ಐಸ್ ತುಂಡು ಹಾಕಿ, ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಐಸ್ ನೇರವಾಗಿ ತಾಗಿ ಔಷಧಿ ಹೆಪ್ಪುಗಟ್ಟಬಾರದು. ಫ್ರಿಜ್ ಬೇಡದ ಲ್ಯಾಟಾನೊಪ್ರೊಸ್ಟ್ ಕೂಡ ಸಿಗುತ್ತದೆ. ಲೇಬಲ್ ಓದಿ, ಡಾಕ್ಟರನ್ನೂ ಕೇಳಿ.

ತಣ್ಣಗಿನ ಹನಿಯಿಂದ ಒಂದು ಉಪಕಾರವೂ ಇದೆ. ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ. ಬಿತ್ತೋ ಇಲ್ಲವೋ ಅಂತ ಸುಮ್ನೆ ಇನ್ನೆರಡು ಹನಿ ವ್ಯರ್ಥ ಮಾಡಬೇಕಿಲ್ಲ.

ಲ್ಯಾಟಾನೊಪ್ರೊಸ್ಟ್‌ಗೂ ಅಡ್ಡ ಪರಿಣಾಮ ಇದೆ. ರೆಪ್ಪೆಗೂದಲು ಉದ್ದವಾಗಿ ಕನ್ನಡಕದ ಗಾಜಿಗೆ ತಾಗುತ್ತದೆ. ಕಣ್ಣಿನ ಸುತ್ತ ಸ್ವಲ್ಪ ಕಪ್ಪಾಗಿದೆ. ಕೆನ್ನೆಗೆ ಇಳಿದದ್ದನ್ನು ತಕ್ಷಣ ಒರೆಸಿದರೆ ಕಡಿಮೆ. ನಡುವೆ ಇದೇ ಜಾತಿಯ ಇನ್ನೊಂದು ಹನಿ ಬಿಮಾಟೊಪ್ರೊಸ್ಟ್ ಕೂಡ ಹಾಕಿ ನೋಡಿದೆ, ಕಣ್ಣು ದಿನವಿಡೀ ಕೆಂಪಗಿರುತ್ತಿತ್ತು.

ಲ್ಯಾಟಾನೊಪ್ರೊಸ್ಟ್‌ಗೆ ನನಗಾಗುವ ಖರ್ಚು ಟಿಮೊಲಾಲ್‌ಗಿಂತ ಐದಾರು ಪಟ್ಟು ಜಾಸ್ತಿ. ಸಂಬಳ ಬಂದ ದಿನವೇ ಅದರ ದುಡ್ಡು ಎತ್ತಿಡುತ್ತೇನೆ. ನನ್ನ ಅಣ್ಣ ಟಿಮೊಲಾಲನ್ನೇ ಹಾಕುತ್ತಾನೆ. ಅವನಿಗೆ ಉಬ್ಬಸವಿಲ್ಲ, ನಾಡಿಯೂ ಸರಿ ಇದೆ. ಊರೂರು ತಿರುಗುವ ಕೆಲಸ, ಫ್ರಿಜ್ ಹುಡುಕಿಕೊಂಡು ಎಲ್ಲಿಗೆ ಹೋಗುತ್ತಾನೆ? ಅವನಿಗೆ ಅದೇ ಸರಿ.

ತಂಗಿ ಮಾತ್ರ ಇನ್ನೂ ಕಣ್ಣು ತೋರಿಸಿಲ್ಲ. ಚೆನ್ನಾಗೇ ಕಾಣುತ್ತಲ್ಲಾ ಅನ್ನುತ್ತಾಳೆ. ಅಮ್ಮನೂ ಹೀಗೇ ಅನ್ನುತ್ತಿದ್ದರು. ಶನಿವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.