ತಮ್ಮನ ಕೈ ಉಳಿಸಿದ ಮಂಗಳೂರಿನ ಆಸ್ಪತ್ರೆ

ಬದಿಯಡ್ಕ, ಪೆರ್ಲ ಕಡೆಯ ತೋಟದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ತಮ್ಮ ಅಡಿಕೆ ಮರದಿಂದ ಬಿದ್ದು ಬಲಬದಿಯ ಕಾಲರ್ ಬೋನ್ (ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ) ಮುರಿದುಕೊಂಡ. ಊರಿನ ಡಾಕ್ಟರು ಎರಡೂ ಕೈಯ ನಾಡಿ ಹಿಡಿದು ನೋಡಿದರು. ಬಲಗೈಯಲ್ಲಿ ನಾಡಿ ತೀರಾ ಸಣ್ಣ, ಬೆರಳು ತಣ್ಣಗೆ. ಕೂಡಲೇ ಮಂಗಳೂರಿಗೆ ಹೊರಡಿಸಿದರು. ಕೈಗೆ ರಕ್ತ ಪೂರ್ತಿ ನಿಂತರೆ ಸುಮಾರು 6 ಗಂಟೆಯೊಳಗೆ ಸರಿಮಾಡಬೇಕಂತೆ, ತಡವಾದಷ್ಟೂ ಮಾಂಸಖಂಡ ಸಾಯುತ್ತದೆ.

ರಕ್ತನಾಳ ತೋರಿಸುವ ಸ್ಕ್ಯಾನ್, ಸಿ.ಟಿ. ಆಂಜಿಯೋದಲ್ಲಿ ವಿಷಯ ಗೊತ್ತಾಯಿತು. ಕಾಲರ್ ಬೋನಿನ ಅಡಿಯಲ್ಲಿ ಕೈಗೆ ಹೋಗುವ ಸಬ್‌ಕ್ಲೇವಿಯನ್ ರಕ್ತನಾಳ ಒಂದು ಬದಿ ಹರಿದಿತ್ತು. ಅಲ್ಲಿಗೆ ಕೊಯ್ದು ಹೋಗುವುದು ಸುಲಭವಲ್ಲ. ಮೂಳೆ ಕತ್ತರಿಸಬೇಕಾಗಬಹುದು, ಕೆಲವರಿಗೆ ಎದೆಯನ್ನೇ ತೆರೆಯಬೇಕಾಗುತ್ತದೆ. ತಮ್ಮನಿಗೆ ಅದು ಬೇಕಾಗಲಿಲ್ಲ. ಕ್ಯಾತ್ ಲ್ಯಾಬಿನಲ್ಲಿ (ಎಕ್ಸ್‌ರೇ ನೋಡಿಕೊಂಡು ರಕ್ತನಾಳದ ಒಳಗಿಂದ ಚಿಕಿತ್ಸೆ ಮಾಡುವ ಕೋಣೆ) ತೊಡೆಸಂದಿಗೆ ಸೂಜಿ ಚುಚ್ಚಿ, ತೆಳು ತಂತಿಯನ್ನು ಹರಿದ ಜಾಗ ದಾಟಿಸಿ, ಅದರ ಮೇಲೆಯೇ ಹೊದಿಕೆ ಇರುವ ಸ್ಟೆಂಟ್ (ಬಲೆಯಂಥ ಸಣ್ಣ ಕೊಳವೆ) ತಳ್ಳಿ ಬಿಡಿಸಿದರು. ಪಂಕ್ಚರಾದ ಟ್ಯೂಬಿಗೆ ಒಳಗಿಂದ ಪ್ಯಾಚ್ ಹಾಕಿದ ಹಾಗೆ.

ನನಗೆ ತುಂಬಾ ಹಿಡಿಸಿದ್ದು ಡಾಕ್ಟರು ವಿವರಿಸಿದ ರೀತಿ. ಒಂದು ಕಾಗದದ ಹಿಂಬದಿಯಲ್ಲಿ ನಾಳ ಬರೆದು, ಅದರಿಂದ ಮೆದುಳಿಗೆ ಹೋಗುವ ಕವಲು ತೋರಿಸಿ, "ಇದರ ಬಾಯಿ ಮುಚ್ಚಬಾರದು, ಅದಕ್ಕೇ ಇಷ್ಟು ಅಳತೆ ನೋಡುವುದು" ಅಂದರು. ಅಮ್ಮನಿಗೂ ಅರ್ಥವಾಯಿತು. ರಾತ್ರಿಯಿಡೀ ನರ್ಸ್ ಬಂದು ಬಂದು ಮಣಿಕಟ್ಟು, ತೊಡೆಸಂದಿ ಎರಡೂ ನೋಡುತ್ತಿದ್ದರು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಬಂದೀತು ಅಂತ, ಕಾಲು ಮಡಚಲು ಹೋದರೆ ಗದರಿದರು, ಗದರಿದ್ದೇ ಒಳ್ಳೆಯದಾಯಿತು.

ಬೇಸರ ಇರುವುದು ಬಿಲ್ಲಿನ ಬಗ್ಗೆ. ಸ್ಟೆಂಟಿನ ಬೆಲೆ ಮೊದಲೇ ಯಾರೂ ಹೇಳಲಿಲ್ಲ. ತುರ್ತು ಅಂದರೂ ಹೊರಗೆ ಕಾಯುವವರಿಗೆ ಒಂದು ಅಂದಾಜು ಹೇಳಬಹುದಿತ್ತು, ಅಲ್ವಾ? ಆಮೇಲೆ ದುಡ್ಡು ಹೊಂದಿಸಲು ಪಟ್ಟ ಪಾಡು ಬೇಡ.

ಈ ಸ್ಟೆಂಟ್ ಹಾಕಿಸಿ ಸುಮ್ನೆ ಕೂರುವ ಹಾಗಿಲ್ಲ. ಕಾಲರ್ ಬೋನ್ ಮತ್ತು ಪಕ್ಕೆಲುಬಿನ ನಡುವೆ ಸ್ಟೆಂಟ್ ಒತ್ತಿಹೋಗುವ, ಮುರಿಯುವ ಸಾಧ್ಯತೆ ಇದೆ. ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೊಟ್ಟಿದ್ದಾರೆ. ಹೇಳಿದಾಗೆಲ್ಲ ಸ್ಕ್ಯಾನಿಗೆ ಹೋಗಲೇಬೇಕು. ಇನ್ನು ಮರ ಹತ್ತುವುದು ಬೇಡ ಅಂತ ಮನೆಯಲ್ಲಿ ಎಲ್ಲರೂ ಸೇರಿ ಹೇಳಿದ್ದೇವೆ.

ಎಲ್ಲರಿಗೂ ಸೂಜಿತೂತಿನಲ್ಲೇ ಮುಗಿಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನಾಳ ಪೂರ್ತಿ ತುಂಡಾಗಿ ತಂತಿ ದಾಟದೇ ಹೋದರೆ ಕೊಯ್ಯಲೇಬೇಕು. ಹಾಗಾಗಿ ಆಂಬುಲೆನ್ಸ್ ಹತ್ತುವ ಮೊದಲೇ ಫೋನ್ ಮಾಡಿ ಕೇಳಿ: ಕ್ಯಾತ್ ಲ್ಯಾಬ್ ಈಗ ತೆರೆದಿದೆಯಾ, ರಕ್ತನಾಳದ ಸರ್ಜನ್ ಇದ್ದಾರಾ? ಎರಡೂ ಇರುವಲ್ಲಿಗೇ ಹೋಗಿ. ನಾವು ಹೋದಲ್ಲಿ ಎರಡೂ ಇತ್ತು, ಇನ್ನೊಮ್ಮೆ ಬೇಕಾದರೂ ನಾನು ಅಲ್ಲಿಗೇ ಹೋಗುತ್ತೇನೆ.