ಹಿತ್ತಲಿಗೆ ಮರದ ಬೇಲಿ ಹಾಕಿಸುವವರೇ, ಮೊದಲು ಕಂಬದ ಬುಡ ನೋಡಿ

ಮೈಸೂರು, ಮಂಡ್ಯ ಕಡೆ ಹಿತ್ತಲಿಗೆ ಮರದ ಬೇಲಿ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಟ್ರೀಟೆಡ್ ಮರ’, ಅಂದರೆ ಗೆದ್ದಲು ಹಿಡಿಯದ ಹಾಗೆ, ಕೊಳೆಯದ ಹಾಗೆ ಔಷಧಿ ಕೊಟ್ಟ ಮರ, ಅನ್ನೋ ಬಾಯಿಮಾತಿಗೆ ದುಡ್ಡು ಕೊಡಬೇಡಿ. ನಮ್ಮ ಬೇಲಿ ಎರಡನೇ ಮಳೆಗಾಲ ದಾಟಲಿಲ್ಲ.

ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. ಹಿತ್ತಲಲ್ಲಿ ಸೊಪ್ಪು, ಬದನೆ, ನುಗ್ಗೆ ಇದೆ. ದನ ನುಗ್ಗಬಾರದು, ನೋಡೋಕೂ ಚೆನ್ನಾಗಿರಬೇಕು ಅಂತ ಮರದ ಬೇಲಿ ಹಾಕಿಸಿದೆವು. ಯಾವ ಮರ ಅಂತ ಕಂಟ್ರಾಕ್ಟರನ್ನು ಕೇಳಿದೆ. “ಕಾಡು ಮರ ಸಾರ್, ಔಷಧಿ ಕೊಟ್ಟಿರೋದು. ಹತ್ತು ವರ್ಷ ಅಲ್ಲಾಡಲ್ಲ” ಅಂದರು. ಬಿಲ್ಲಲ್ಲಿ ಮರದ ಹೆಸರೂ ಇಲ್ಲ, ಔಷಧಿಯ ಹೆಸರೂ ಇಲ್ಲ.

ಅಕ್ಟೋಬರ್ ಮಳೆಗೆ ಒಂದು ಸಾಲು ಪೂರ್ತಿ ಪಕ್ಕದ ಮನೆಯವರ ದಾಸವಾಳದ ಮೇಲೆ ವಾಲಿತು. ನೇರ ಮಾಡೋಣ ಅಂತ ಕಂಬ ಹಿಡಿದು ತಳ್ಳಿದರೆ ನೆಲದ ಮಟ್ಟಕ್ಕೇ ಲಟಕ್ಕನೆ ಮುರಿಯಿತು. ಮೇಲ್ಗಡೆ ವಾರ್ನಿಷ್ ಇನ್ನೂ ಹೊಳೆಯುತ್ತಿತ್ತು. ಮುರಿದ ಕಡೆ ಒಳಗೆಲ್ಲ ಗೆದ್ದಲು ಕಟ್ಟಿದ ಮಣ್ಣು. ಬೆರಳಲ್ಲಿ ಒತ್ತಿದರೆ ಮರ ನೆನೆದ ರಸ್ಕಿನ ಹಾಗೆ ಉದುರುತ್ತಿತ್ತು.

ಪರಿಚಯದ ಆಚಾರ್ರು ಬಂದು ನೋಡಿ, ಇದು ಸಿಲ್ವರ್ ಓಕ್ ಅಂದರು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ. ಮನೆಯೊಳಗಿನ ಕೆಲಸಕ್ಕೆ ಆಗುತ್ತೆ, ಸುಮ್ನೆ ಹಾಗೇ ಮಣ್ಣಲ್ಲಿ ಹೂತರೆ ನಿಲ್ಲಲ್ಲ. ಔಷಧಿಯನ್ನು ಬ್ರಷ್‌ನಲ್ಲಿ ಬಳಿದಿದ್ದರು, ಅಷ್ಟೇ. ಸಾಲದ್ದಕ್ಕೆ ಕಂಬದ ತಳಕ್ಕೂ ಸುತ್ತಲೂ ಕಾಂಕ್ರೀಟ್ ತುಂಬಿದ್ದರು. ಸಂದಿಯಲ್ಲಿ ಇಳಿದ ನೀರು ಹೋಗೋಕೆ ದಾರಿಯೇ ಇರಲಿಲ್ಲ. ನೀರೂ ಗಾಳಿಯೂ ಸೇರುವ ಜಾಗದಲ್ಲೇ ಮರ ಮೊದಲು ಕೊಳೆಯೋದು, ಅದಕ್ಕೇ ಕಂಬ ನೆಲಮಟ್ಟದಲ್ಲಿ ಮುರಿಯುತ್ತೆ. ಮಂಡ್ಯದಲ್ಲಿ ನಾಲೆ, ಗದ್ದೆ ಪಕ್ಕ ಮನೆ ಇರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಕಂಟ್ರಾಕ್ಟರಿಗೆ ಫೋನ್ ಮಾಡಿದರೆ, “ಮಳೆ ಬಂದ್ರೆ ನಾವೇನ್ ಮಾಡಕಾಯ್ತದೆ ಸಾರ್?” ಅಂದರು. ಬೇಲಿ ಇರೋದೇ ಮಳೆ ಬಿಸಿಲಲ್ಲಿ ಅಲ್ವಾ? ಆಮೇಲೆ ಫೋನೇ ಎತ್ತಲಿಲ್ಲ. ದುಡ್ಡಿಗಿಂತ ಆ ಮಾತಿಗೆ ನನಗೆ ಜಾಸ್ತಿ ಬೇಜಾರಾಯಿತು.

ಹಾಗಾಗಿ ಮುಂಗಡ ಕೊಡುವ ಮೊದಲೇ ಒಂದು ತುಂಡನ್ನು ಅಡ್ಡ ಕೊಯ್ಸಿ ನೋಡಿ. ತಾಮ್ರ ಇರುವ ಔಷಧಿಯನ್ನು ಒತ್ತಡ ಹಾಕಿ ಮರದೊಳಕ್ಕೆ ಇಳಿಸಿದ್ದರೆ ಅಂಚಿನಿಂದ ಒಳಕ್ಕೆ ಹಸಿರು ಛಾಯೆ ಕಾಣುತ್ತೆ. ಬರೀ ಬಳಿದಿದ್ದರೆ ಬಣ್ಣ ಮೇಲ್ಮೈಗೇ ನಿಂತಿರುತ್ತೆ. ತೇಗ ಅಂತ ಹೇಳಿದರೆ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಎಷ್ಟಿದೆ ನೋಡಿ, ಅಂಚಿನ ಬಿಳಿ ಭಾಗ ತೇಗದಲ್ಲೂ ಬಾಳಲ್ಲ. ಮರದ ಹೆಸರು, ಔಷಧಿ, ಗ್ಯಾರಂಟಿ ಎಲ್ಲ ಬಿಲ್ಲಲ್ಲಿ ಬರೆಸಿ. ಒಂದು ಮಳೆಗಾಲ ಮುಗಿಯುವವರೆಗೆ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳಿ. ಅದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ ಅಂತಲೇ ನಾನು ಹೇಳೋದು.

ಕಂಬ ಮರದ್ದೇ ಆಗಬೇಕು ಅಂತೇನಿಲ್ಲ. ನಮ್ಮ ಕಡೆ ಹೊಲಕ್ಕೆ ಹಾಕುವ ಕಲ್ಲು ಕಂಬ ಇದೆಯಲ್ಲ, ಅದನ್ನೇ ನೆಟ್ಟು ಹಲಗೆಗಳನ್ನು ಬೋಲ್ಟ್ ಹಾಕಿ ಕೂರಿಸಬಹುದು. ಹಲಗೆ ಮಣ್ಣಿಗೆ ತಾಗದ ಹಾಗೆ ಎರಡು ಮೂರು ಇಂಚು ಮೇಲಿರಲಿ. ನಾವೂ ಈಗ ಹಾಗೇ ಮಾಡಿಸುತ್ತಿದ್ದೇವೆ.

ಇನ್ನೊಂದು ವಿಷಯ. ನಿಜವಾಗಿ ಔಷಧಿ ಒಳಕ್ಕೆ ಇಳಿಸಿದ ಮರ ಸಿಕ್ಕಿದರೆ, ಉಳಿದ ತುಂಡುಗಳನ್ನು ಹಂಡೆ ಒಲೆಗೆ ಹಾಕಬೇಡಿ. ಕೆಲವು ಔಷಧಿಗಳಲ್ಲಿ ಆರ್ಸೆನಿಕ್ ಇರುತ್ತೆ. ಅದರ ಹೊಗೆಯೂ ವಿಷ, ಬೂದಿಯೂ ವಿಷ. ಆ ಬೂದಿಯನ್ನು ಗಿಡಕ್ಕೂ ಹಾಕಬಾರದು, ಪಾತ್ರೆ ಉಜ್ಜೋಕೂ ಬಳಸಬಾರದು.